ವಾಯಿದೆ ಸರ್ಕಾರ

ನಮ್ಮ ಬೀದಿಯಲ್ಲೊಬ್ಬ ಭಾವೀ ಕಾರ್ಪೊರೇಟರ್ ಇದ್ದಾನೆ. ಹೆಸರು ಬೇಡ. ಬೆಂಗಳೂರಿನಲ್ಲಿ ಬೀದಿಗೊಬ್ಬ ಇಂಥವನು ಇದ್ದೇ ಇರುತ್ತಾನೆ.

2020ರ ಗಣೇಶನ ಹಬ್ಬಕ್ಕೆ ಅವನ ಮೊದಲ ಫ್ಲೆಕ್ಸ್ ಎದ್ದಿತು. ಕೊರೊನಾ ಕಾಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಕೈ ಮುಗಿದಿದ್ದ. ಆಮೇಲೆ ರಾಜ್ಯೋತ್ಸವ, ಸಂಕ್ರಾಂತಿ, ಯುಗಾದಿ, ಶಾಸಕರ ಹುಟ್ಟುಹಬ್ಬ, ಶಾಸಕರ ಮಗನ ಹುಟ್ಟುಹಬ್ಬ. ಆಗ ತಲೆ ತುಂಬ ಕಪ್ಪು ಕೂದಲು. ಫ್ಲೆಕ್ಸಿನಲ್ಲಿ ಅದು ಈಗಲೂ ಇದೆ. ತಲೆಯ ಮೇಲಿಲ್ಲ.

ಅವನು ನಿಂತಲ್ಲೇ ನಿಂತಿದ್ದಾನೆ. ಓಡಾಡುತ್ತಿರುವುದು ವಾರ್ಡು. ಅವನು ಕೈ ಮುಗಿಯಲು ಶುರು ಮಾಡಿದಾಗ ನಗರದಲ್ಲಿ 198 ವಾರ್ಡುಗಳಿದ್ದವು. ಒಂದು ಸರ್ಕಾರ 243 ಮಾಡಿತು. ಮುಂದಿನ ಸರ್ಕಾರ 225ಕ್ಕೆ ಇಳಿಸಿತು. ಅದೇ ಸರ್ಕಾರ ಆಮೇಲೆ ನಗರವನ್ನೇ ಐದು ಪಾಲು ಮಾಡಿ 369 ಎಂದಿತು. ಎಣಿಕೆಯಲ್ಲಿ ಇಷ್ಟು ಚುರುಕು. ಎಣಿಸದೆ ಬಿಟ್ಟದ್ದು ಮತಗಳನ್ನು ಮಾತ್ರ.

“ಯಾವಾಗಪ್ಪಾ ಎಲೆಕ್ಷನ್ನು?” ಎಂದೆ ಮೊನ್ನೆ.

“ಕೋರ್ಟಲ್ಲಿದೆ ಸಾರ್.”

ಕೋರ್ಟಲ್ಲಿದೆ. ಈ ಒಂದು ಮಾತಿನ ಮೇಲೆ ರಾಜ್ಯ ನಡೆಯುತ್ತಿದೆ. ಮಂತ್ರಿಯ ಮುಂದೆ ಮೈಕ್ ಹಿಡಿದರೂ ಇದೇ ಮಾತು, ಸ್ವಲ್ಪ ಇಸ್ತ್ರಿ ಮಾಡಿದ ಕನ್ನಡದಲ್ಲಿ: ವಿಷಯ ನ್ಯಾಯಾಲಯದ ಮುಂದಿರುವುದರಿಂದ ಪ್ರತಿಕ್ರಿಯಿಸಲಾರೆ. ವಿಷಯವನ್ನು ಅಲ್ಲಿಗೆ ಹೊತ್ತುಕೊಂಡು ಹೋದವರು ಯಾರು ಸ್ವಾಮಿ? ಇವರೇ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಿದ್ದರು ಹಿರಿಯರು. ಅದು ನಮ್ಮ ನಿಮ್ಮಂಥವರ ಗಾದೆ. ಸರ್ಕಾರ ಸೋಲುವುದೂ ಇಲ್ಲ, ಸಾಯುವುದೂ ಇಲ್ಲ. ಕಾಲಾವಕಾಶ ಕೇಳುತ್ತದೆ.

ಸಂವಿಧಾನದ ಮಾತಿನಲ್ಲಿ ಗೊಂದಲವೇನೂ ಇಲ್ಲ. ಪಂಚಾಯಿತಿಗಳಿಗೆ 243ಇ, ನಗರಾಡಳಿತಗಳಿಗೆ 243ಯು. ಅವಧಿ ಐದು ವರ್ಷ, ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ‘ಅನುಕೂಲವಾದಾಗ’ ಎಂಬ ಪದ ಅಲ್ಲಿಲ್ಲ. ಯಾರಿಗಾದರೂ ಅರ್ಥವಾಗದಿದ್ದರೆ ಎಂದು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿಯೂ ಹೇಳಿತು: ವಾರ್ಡ್ ವಿಂಗಡಣೆ ಬಾಕಿ ಇದೆ ಎಂಬ ನೆಪಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ.

ಬೆಂಗಳೂರಿನ ಪಾಲಿಕೆ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ನಮ್ಮ ಸರ್ಕಾರ ತಕ್ಷಣ ವಾರ್ಡ್ ವಿಂಗಡಣೆಗೆ ಕೈ ಹಾಕಿತು.

ಕೊರೊನಾ ಇತ್ತಲ್ಲ ಎನ್ನುತ್ತೀರಾ? ಇತ್ತು. ಅದೇ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ 2020ರ ನವೆಂಬರ್ 3ರಂದು ವಿಧಾನಸಭೆಯ ಉಪಚುನಾವಣೆ ನಡೆಯಿತು. ಡಿಸೆಂಬರಿನಲ್ಲಿ ರಾಜ್ಯದ ಹಳ್ಳಿಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಶಾಸಕನನ್ನು ಆರಿಸಲು ಸಾಲಿನಲ್ಲಿ ನಿಂತವರಿಗೆ ತಗಲದ ಸೋಂಕು ಕಾರ್ಪೊರೇಟರನ್ನು ಆರಿಸುವಾಗ ಮಾತ್ರ ತಗಲುತ್ತಿತ್ತೋ ಏನೋ.

ಅದೇ ಡಿಸೆಂಬರ್ 4ರಂದು ಹೈಕೋರ್ಟ್ ಹೇಳಿತು: 198 ವಾರ್ಡಿಗೇ ಬೇಗ ಚುನಾವಣೆ ನಡೆಸಿ. ಹದಿನಾಲ್ಕೇ ದಿನ. ಸರ್ಕಾರ ದೆಹಲಿಗೆ ಹೋಗಿ ತಡೆಯಾಜ್ಞೆ ತಂದಿತು. ನಮ್ಮ ಮೋರಿಯ ಹೂಳು ಎತ್ತಲು ಹದಿನಾಲ್ಕು ತಿಂಗಳು ಸಾಲದ ವ್ಯವಸ್ಥೆ ಇದು. ವಕೀಲರನ್ನು ಹಿಡಿದು, ಅರ್ಜಿ ಬರೆಸಿ, ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲಲು ಎರಡೇ ವಾರ. ದಕ್ಷತೆ ಇಲ್ಲ ಎಂದವರು ಯಾರು?

ಆ ತಡೆಯಾಜ್ಞೆ ಅಲ್ಲೇ ಮಲಗಿತು. 2022ರ ಮೇ 20ರಂದು ಸುಪ್ರೀಂ ಕೋರ್ಟಿಗೆ ಎಚ್ಚರವಾಯಿತು. ವಿಂಗಡಣೆ, ಮೀಸಲಾತಿ ಎಲ್ಲ ಎಂಟು ವಾರದಲ್ಲಿ ಮುಗಿಸಿ ಎಂದಿತು. ಸರ್ಕಾರ ಮುಗಿಸಿತು. ಹೇಗೆ ಮುಗಿಸಿತೆಂದರೆ ಆ ಮೀಸಲಾತಿ ಪಟ್ಟಿಯನ್ನು ಸೆಪ್ಟೆಂಬರ್ 30ರಂದು ಹೈಕೋರ್ಟ್ ರದ್ದು ಮಾಡಿತು. ಹೊಸ ಪಟ್ಟಿ ಮಾಡಿ ಡಿಸೆಂಬರ್ 31ರೊಳಗೆ ಚುನಾವಣೆ ಮುಗಿಸಿ ಎಂದಿತು. ಡಿಸೆಂಬರ್ 31 ಬಂತು. ಎಂ.ಜಿ. ರಸ್ತೆಯಲ್ಲಿ ಪಟಾಕಿ ಹಾರಿತು. ಚುನಾವಣೆ ಬರಲಿಲ್ಲ.

ನೆಟ್ಟಗಿನ ಪಟ್ಟಿ ಮಾಡಿದರೆ ಚುನಾವಣೆ ಬರುತ್ತದೆ. ಸೊಟ್ಟ ಪಟ್ಟಿ ಮಾಡಿದರೆ ಯಾರೋ ಒಬ್ಬ ಕೋರ್ಟಿಗೆ ಹೋಗುತ್ತಾನೆ. ಆಮೇಲೆ ಕೋರ್ಟಲ್ಲಿದೆ. ಇಷ್ಟು ಗೊತ್ತಿರುವವನಿಗೆ ನಗರಾಭಿವೃದ್ಧಿ ಖಾತೆ ಕೊಡಬಹುದು.

ಇದು ಒಂದು ಪಕ್ಷದ ಕತೆ ಎಂದುಕೊಂಡು ಇನ್ನೊಂದು ಪಕ್ಷದವರು ನಗುವುದು ಬೇಡ. ಹಿಂದಿನ ಪಾಲಿಕೆಯ ಅವಧಿ 2006ರಲ್ಲಿ ಮುಗಿದ ಮೇಲೆ ಮುಂದಿನ ಚುನಾವಣೆ ಆದದ್ದು 2010ರ ಮಾರ್ಚಿನಲ್ಲಿ. ನಡುವೆ ಎಷ್ಟು ಪಕ್ಷಗಳು ಅಧಿಕಾರ ಉಂಡವು, ನೀವೇ ಎಣಿಸಿ. 2015ರಲ್ಲಿ ಮತ್ತೆ ಆಡಳಿತಾಧಿಕಾರಿ, ಮತ್ತೆ ಪಾಲಿಕೆ ಒಡೆಯುವ ಮಾತು, ಮತ್ತೆ ಕೋರ್ಟು. ಕೊನೆಗೆ ಕೋರ್ಟೇ ಕಿವಿ ಹಿಂಡಿ ಆಗಸ್ಟಿನಲ್ಲಿ ಚುನಾವಣೆ ಮಾಡಿಸಿತು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ. 2023ರಲ್ಲಿ ಮತ್ತೆ ಬಂದರು. ಪಾಠ ಕಲಿತೇ ಬಂದಿದ್ದರು. ಈ ಸಲ ಪಾಲಿಕೆಯನ್ನು ಒಡೆದೇ ಬಿಟ್ಟರು. ಅದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಎಂದೊಂದು ಛತ್ರಿ ಹಿಡಿದರು. ಛತ್ರಿಯ ಹಿಡಿಕೆ ಮುಖ್ಯಮಂತ್ರಿಯ ಕೈಯಲ್ಲಿ. ಪ್ರಾಧಿಕಾರದ ಅಧ್ಯಕ್ಷರು ಅವರೇ. ಇದರ ಹೆಸರು ವಿಕೇಂದ್ರೀಕರಣ.

ನಮ್ಮ ಹಳೆಯ ಮೇಯರುಗಳಿಗೆ ಸಿಗುತ್ತಿದ್ದದ್ದು ಒಂದು ವರ್ಷ. ಈ ರಾಜ್ಯದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. 2025ರ ಸೆಪ್ಟೆಂಬರಿಗೆ ಯಾವ ಜಗಳವೂ ಇಲ್ಲದೆ, ಯಾವ ರೆಸಾರ್ಟಿಗೂ ಹೋಗದೆ ಐದು ವರ್ಷ ಪೂರೈಸಿದ್ದು ಆಡಳಿತಾಧಿಕಾರಿಯ ಕುರ್ಚಿ. ಅದಕ್ಕೆ ಯಾರೂ ಓಟು ಹಾಕಿರಲಿಲ್ಲ.

ಈಗ ದೆಹಲಿಗೆ ಹೋಗೋಣ. ಅಲ್ಲಿ ನಮ್ಮವರ ಗಂಟಲೇ ಬೇರೆ.

2024ರ ಫೆಬ್ರವರಿ 7. ಜಂತರ್ ಮಂತರ್. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು. ‘ನನ್ನ ತೆರಿಗೆ ನನ್ನ ಹಕ್ಕು.’ ನ್ಯಾಯವಾದ ಕೂಗು. ನಾನೂ ಮನೆಯಲ್ಲಿ ಕೂತು ತಲೆಯಾಡಿಸಿದೆ. ಹದಿನೈದನೇ ಹಣಕಾಸು ಆಯೋಗ ನಮ್ಮ ಪಾಲನ್ನು 4.713ರಿಂದ 3.647 ಶೇಕಡಕ್ಕೆ ಇಳಿಸಿತ್ತು. ಬರ ಬಿದ್ದು 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಿಸಿದ ವರ್ಷ. ರಾಜ್ಯ ಕೇಳಿದ್ದು 18,171 ಕೋಟಿ. ದೆಹಲಿ ತುಟಿ ಬಿಚ್ಚಲಿಲ್ಲ. ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲಿನಲ್ಲಿ 3,454 ಕೋಟಿ ಬಂತು. ಒಕ್ಕೂಟದಲ್ಲಿ ಒಂದು ರಾಜ್ಯ ತನ್ನ ರೈತನ ಪರಿಹಾರಕ್ಕೆ ವಕಾಲತ್ತು ಹಾಕಬೇಕಾದದ್ದು ನಾಚಿಕೆಗೇಡು. ಕೊಡುವವರ ನಾಚಿಕೆಗೇಡು.

ಈಗ ಇನ್ನೊಂದು ಲೆಕ್ಕ. ಆ 223 ಬರಪೀಡಿತ ತಾಲ್ಲೂಕುಗಳಲ್ಲಿ ಜನ ಆರಿಸಿದ ತಾಲ್ಲೂಕು ಪಂಚಾಯಿತಿ ಸದಸ್ಯರು ಎಷ್ಟಿದ್ದರು?

ಒಬ್ಬರೂ ಇರಲಿಲ್ಲ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಕುಡಿಯುವ ನೀರಿನ ಟ್ಯಾಂಕರ್ ಎಲ್ಲಿಗೆ ಹೋಗಬೇಕು, ಮೇವಿನ ಬ್ಯಾಂಕ್ ಎಲ್ಲಿ ತೆರೆಯಬೇಕು ಎಂದು ಮೇಜು ಕುಟ್ಟಿ ಕೇಳಬೇಕಾದವರ ಕುರ್ಚಿಯ ಮೇಲೆ ಧೂಳಿತ್ತು. ಜಂತರ್ ಮಂತರಿನಲ್ಲಿ ಒಕ್ಕೂಟ ವ್ಯವಸ್ಥೆಗೆ ಕಣ್ಣೀರು. ಊರಲ್ಲಿ ಒಕ್ಕೂಟವೂ ಇಲ್ಲ, ವ್ಯವಸ್ಥೆಯೂ ಇಲ್ಲ, ಸಿಇಒ ಇದ್ದಾರೆ.

ಇನ್ನೂ ಒಂದು ತಮಾಷೆ ಇದೆ. ಚುನಾಯಿತ ಸಂಸ್ಥೆ ಇಲ್ಲದ ಕಡೆಗೆ ಹಣಕಾಸು ಆಯೋಗದ ಅನುದಾನ ಇಲ್ಲ ಎಂಬುದು ನಿಯಮ. ಅಂದರೆ ಚುನಾವಣೆ ನಡೆಸದೆ ಜಿಲ್ಲೆ, ತಾಲ್ಲೂಕಿನ ಪಾಲಿನ ಹಣಕ್ಕೆ ನಾವೇ ಕಲ್ಲು ಹಾಕಿಕೊಂಡೆವು. ನನ್ನ ತೆರಿಗೆ, ನನ್ನ ಹಕ್ಕು, ನನ್ನದೇ ಕಲ್ಲು.

ಈ ಪಂಚಾಯಿತಿಗಳ ಕತೆಯಂತೂ ಬೆಂಗಳೂರಿನದಕ್ಕಿಂತ ಚೊಕ್ಕ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಇನ್ನೇನು ಚುನಾವಣೆ ಬಂದೇ ಬಿಡುತ್ತದೆ ಎಂಬ ಅಪಾಯ. ಸರ್ಕಾರ ಕಾನೂನಿಗೇ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ಕಿತ್ತುಕೊಂಡಿತು. ವಿಂಗಡಣೆಗೆ ಬೇರೆಯೇ ಆಯೋಗ ಮಾಡಿತು. ಒಂದನೇ ತರಗತಿಯಿಂದ ಮತ್ತೆ ಶುರು. ಚುನಾವಣೆ ಮಾಡಿಸಿ ಎಂದು ಚುನಾವಣಾ ಆಯೋಗವೇ ಕೋರ್ಟಿನ ಮೆಟ್ಟಿಲು ಹತ್ತಿತು. ಅಡುಗೆಭಟ್ಟ ಒಲೆ ಹೊತ್ತಿಸಲು ಅನುಮತಿ ಕೋರಿ ರಿಟ್ ಹಾಕಿದ ಹಾಗೆ.

2022ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಸಿಟ್ಟು ಬಂತು. ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಪತ್ರಿಕೆಗಳಲ್ಲಿ ‘ಛೀಮಾರಿ’ ಎಂದು ದಪ್ಪಕ್ಷರ. ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಆ ಐದು ಲಕ್ಷ ಯಾವ ಮಂತ್ರಿಯ ಜೇಬಿನಿಂದಲೂ ಹೋಗುವುದಿಲ್ಲ. ನನ್ನ ಓಟು ಕಸಿದುಕೊಂಡದ್ದಕ್ಕೆ ನಾನೇ ದಂಡ ಕಟ್ಟಿದೆ. ಚುನಾವಣೆ ಬೇಡ ಎಂದು ವಾದಿಸಿದ ವಕೀಲರ ಶುಲ್ಕ ಕೊಟ್ಟದ್ದೂ ನಾನೇ.

ಇನ್ನು ನ್ಯಾಯಾಲಯದ ಬಗ್ಗೆ ಎರಡು ಮಾತು. ನ್ಯಾಯಾಂಗ ನಿಂದನೆ ಆಗದ ಹಾಗೆ ಹೇಳಬೇಕು. ದಿನಾಂಕಗಳನ್ನಷ್ಟೇ ಹೇಳುತ್ತೇನೆ. ದಿನಾಂಕ ನಿಂದನೆಯಲ್ಲ.

2018ರ ಮೇ. ರಾಜ್ಯಪಾಲ ವಜುಭಾಯಿ ವಾಲಾ ಬಿ.ಎಸ್. ಯಡಿಯೂರಪ್ಪನವರನ್ನು ಸರ್ಕಾರ ರಚಿಸಲು ಕರೆದರು. ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. ಕಾಂಗ್ರೆಸ್, ಜೆಡಿಎಸ್ ನಡುರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಬಾಗಿಲು ತೆರೆಯಿತು. ಮೇ 17ರ ಬೆಳಗಿನ ಜಾವದವರೆಗೆ ವಾದ ನಡೆಯಿತು. ದೇಶ ಟೀವಿ ಮುಂದೆ ಕೂತು ಆಕಳಿಸುತ್ತ ಪ್ರಜಾಪ್ರಭುತ್ವವನ್ನು ನೋಡಿತು. ಹದಿನೈದು ದಿನ ಕುಗ್ಗಿ ಎರಡಾಯಿತು. 19ರ ಸಂಜೆಗೆ ಮುಖ್ಯಮಂತ್ರಿ ರಾಜೀನಾಮೆ.

2019ರ ನವೆಂಬರ್ 13. ಪಕ್ಷ ಬಿಟ್ಟು ಮುಂಬೈ ಹೋಟೆಲಿನಲ್ಲಿ ತಂಗಿದ್ದವರೂ ಸೇರಿ 17 ಶಾಸಕರ ಅನರ್ಹತೆಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು. ಅನರ್ಹರು ಹೌದು ಎಂದಿತು ಕೋರ್ಟು. ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಇಪ್ಪತ್ತೆರಡು ದಿನಕ್ಕೆ, ಡಿಸೆಂಬರ್ 5ರಂದು, 15 ಕ್ಷೇತ್ರಗಳಲ್ಲಿ ಮತದಾನ. ಬಿಜೆಪಿಗೆ 12. ಗೆದ್ದವರಲ್ಲಿ ಹೆಚ್ಚಿನವರು ಮಂತ್ರಿಗಳು. ಅನರ್ಹತೆಗಿಂತ ದೊಡ್ಡ ಅರ್ಹತೆ ಇನ್ನೊಂದಿಲ್ಲ ಎಂದು ಆಗ ಗೊತ್ತಾಯಿತು.

ಕುರ್ಚಿ ಕೇಳಿದವರಿಗೆ ನಡುರಾತ್ರಿ ಬಾಗಿಲು. ಕುರ್ಚಿ ಹಾರಿದವರಿಗೆ ಮೂರು ವಾರದಲ್ಲಿ ಮತಗಟ್ಟೆ. ಒಂದು ಕೋಟಿಗೂ ಹೆಚ್ಚು ಜನರಿರುವ ನಗರ ತನ್ನ ಪಾಲಿಕೆ ಕೇಳಿದಾಗ ಹದಿನೇಳು ತಿಂಗಳು ತಡೆಯಾಜ್ಞೆ. ಆ ಹದಿನೇಳು ತಿಂಗಳಲ್ಲಿ ಒಂದು ರಾತ್ರಿಯೂ ಯಾರಿಗೂ ನಿದ್ದೆಗೆಡಬೇಕು ಎನಿಸಲಿಲ್ಲ.

ಹಳೆಯ ಚಾಳಿ ಇದು. ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್ 21ರಂದು ದೆಹಲಿ ವಜಾ ಮಾಡಿತು. ಬಹುಮತ ಇದೆಯೋ ಇಲ್ಲವೋ ಸದನದಲ್ಲಿ ನೋಡೋಣ, ವಿಧಾನಸಭೆ ಕರೆಯಿರಿ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲ ವೆಂಕಟಸುಬ್ಬಯ್ಯನವರ ಎಣಿಕೆ ರಾಜಭವನದಲ್ಲೇ ಮುಗಿದಿತ್ತು. ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ವಜಾ ಮಾಡಿದ್ದು ತಪ್ಪು ಎಂಬ ತೀರ್ಪು. ದೇಶದ ಪ್ರತಿ ಕಾನೂನು ವಿದ್ಯಾರ್ಥಿಯೂ ಬಾಯಿಪಾಠ ಮಾಡುವ ತೀರ್ಪು.

ದಿನಾಂಕ 1994ರ ಮಾರ್ಚ್ 11. ಅಷ್ಟು ಹೊತ್ತಿಗೆ ವಿಧಾನಸೌಧದ ಆ ಕುರ್ಚಿಯಲ್ಲಿ ವೀರೇಂದ್ರ ಪಾಟೀಲರು ಕೂತು ಎದ್ದು, ಬಂಗಾರಪ್ಪ ಕೂತು ಎದ್ದು, ವೀರಪ್ಪ ಮೊಯಿಲಿ ಕೂತಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬಾಗಿಲು ಮಾತ್ರ ಬಹಳ ಚೆನ್ನಾಗಿತ್ತು.

ಆ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದರು. ಬೆಂಗಳೂರಿನ ಖಾತೆಯನ್ನೂ ಇಟ್ಟುಕೊಂಡರು. ಜನ ಆರಿಸಿದ ಸದನವೇ ತೀರ್ಮಾನಿಸಲಿ ಎಂದು ಅಪ್ಪ ಐದು ವರ್ಷ ಕೋರ್ಟು ಅಲೆದರು. ಮಗ ಎರಡು ವರ್ಷದ ಹತ್ತಿರ ಸದನವೇ ಇಲ್ಲದ ನಗರವನ್ನು ಆಳಿ ಹೋದರು. 2022ರ ಡಿಸೆಂಬರ್ 31ರ ಗಡುವು ದಾಟಿದ್ದು ಅವರ ಕಾಲದಲ್ಲಿ. ಐದು ಲಕ್ಷದ ದಂಡ ಬಿದ್ದದ್ದೂ ಅವರ ಕಾಲದಲ್ಲಿ. ಮನೆಯಲ್ಲಿ ಆ ತೀರ್ಪಿನ ಪ್ರತಿ ಇದ್ದಿರಬೇಕು. ಕಪಾಟಿನಲ್ಲಿ.

ರಾಜ್ಯಪಾಲರ ವಿಷಯಕ್ಕೆ ಬಂದರೆ ನಮ್ಮವರ ಸಂವಿಧಾನ ಜ್ಞಾನ ಕೇಳಬೇಕು. ತಮಿಳುನಾಡಿನ ರಾಜ್ಯಪಾಲರು ಹತ್ತು ಮಸೂದೆಗಳ ಮೇಲೆ ಕೂತಿದ್ದರು. 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ರಾಜ್ಯಪಾಲರಿಗೆ ಗಡುವು ಹಾಕಿ, ಆ ಹತ್ತಕ್ಕೂ ಅಂಕಿತ ಬಿದ್ದಂತೆಯೇ ಎಂದರು. ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳು, ಗಡುವು ಹಾಕಲು ನಮಗೆ ಬರುವುದಿಲ್ಲ ಎಂದರು. ನಡುವೆ ಕರ್ನಾಟಕವೂ ಹೋಗಿ ವಾದಿಸಿತ್ತು: ರಾಜ್ಯಪಾಲರು ಹೆಸರಿಗಷ್ಟೇ ಮುಖ್ಯಸ್ಥರು. ಆಳಬೇಕಾದವರು ಆಯ್ಕೆಯಾದವರು.

ಸರಿಯಾದ ವಾದ. ಆ ವಾದದ ಒಂದು ಪ್ರತಿಯನ್ನು ಬೆಂಗಳೂರಿನ ಪಾಲಿಕೆ ಕಟ್ಟಡಕ್ಕೂ ಕಳಿಸಬಹುದಿತ್ತು. ರಾಜ್ಯಪಾಲರು ಮಸೂದೆಯ ಮೇಲೆ ಕೂತರೆ ಪ್ರಜಾಪ್ರಭುತ್ವದ ಕಗ್ಗೊಲೆ. ಸರ್ಕಾರ ಮೀಸಲಾತಿ ಪಟ್ಟಿಯ ಮೇಲೆ ಕೂತರೆ ತಾಂತ್ರಿಕ ಕಾರಣ. ಕೂರುವ ಭಂಗಿ ಒಂದೇ. ಕುರ್ಚಿಯ ಎತ್ತರ ಬೇರೆ.

ಇದೇ ನೆಲದಲ್ಲಿ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಇದ್ದರು. ಕೊಳವೆಬಾವಿ ಕೊರೆಸಿ ‘ನೀರು ಸಾಬ್’ ಎನಿಸಿಕೊಂಡವರು. ಅವರ 1983ರ ಪಂಚಾಯತ್ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಆಗಲೂ ದೆಹಲಿ ಕೂತಿತ್ತು. ಆದರೆ 1987ರ ಜನವರಿಯಲ್ಲಿ ಚುನಾವಣೆ ನಡೆದೇ ನಡೆಯಿತು. ಹೆಣ್ಣುಮಕ್ಕಳಿಗೆ ಕಾಲುಭಾಗ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ಸ್ಥಾನಮಾನ. ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲೇ ನಾವು ದೇಶಕ್ಕೆ ದಾರಿ ತೋರಿಸಿದ್ದೆವು. ದಾರಿ ತೋರಿಸಿ ನಾವು ವಾಪಸ್ ಬಂದೆವು.

ಏಕೆ ಬಂದೆವು ಎಂಬುದು ಗುಟ್ಟೇನಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಎಂದರೆ ನಾಳೆಯ ಶಾಸಕ. ಕಾರ್ಪೊರೇಟರ್ ಎಂದರೆ ಟಿಕೆಟ್ ಕೇಳುವವನು. ಅವನಿಗೆ ಚೇಂಬರು ಬೇಕು, ಅನುದಾನ ಬೇಕು, ಕಾಮಗಾರಿಯ ಪೂಜೆಗೆ ಮೊದಲ ಗುದ್ದಲಿ ಬೇಕು. ಅವನಿಲ್ಲದಿದ್ದರೆ ಗುದ್ದಲಿಯೂ ಶಾಸಕರದ್ದೇ, ಮಣ್ಣೂ ಶಾಸಕರದ್ದೇ. ಅಧಿಕಾರಿ ಫೋನೆತ್ತಿದರೆ ಸಾರ್ ಎನ್ನುತ್ತಾನೆ. ಆಯ್ಕೆಯಾದವನು ತಿರುಗಿ ಮಾತಾಡುತ್ತಾನೆ. ಈ ಒಂದು ವಿಷಯದಲ್ಲಿ ವಿಧಾನಸಭೆಯ ಮೂರು ಪಕ್ಷಗಳ ನಡುವೆ ಇರುವ ಒಗ್ಗಟ್ಟು ಕಾವೇರಿ ವಿಷಯದಲ್ಲೂ ಇಲ್ಲ.

ದೆಹಲಿಗೆ ಬೆಂಗಳೂರು ಹೇಗೋ ಬೆಂಗಳೂರಿಗೆ ಬೀದರ್ ಹಾಗೆ. ಮೇಲಿನವರ ಮುಂದೆ ಹಕ್ಕು, ಕೆಳಗಿನವರ ಮುಂದೆ ಹುಕುಂ. ಅತ್ತೆಯ ಕಾಟದ ಬಗ್ಗೆ ಊರೆಲ್ಲ ಅತ್ತು ಬಂದ ಸೊಸೆ, ತನ್ನ ಸೊಸೆ ಬಂದ ದಿನ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೀಲಿ ಕೇಳಿದರೆ, ಕೋರ್ಟಲ್ಲಿದೆ.

ಕೋರ್ಟಿನ ಮೇಲೆ ನನಗೆ ಭರವಸೆ ಹೋಗಿಲ್ಲ. ಇಷ್ಟಾದರೂ ಆದದ್ದು ಅಲ್ಲಿಂದಲೇ. ಆದರೆ ಅಲ್ಲಿ ಗಡುವು ಎಂಬ ಪದಕ್ಕೆ ಅರ್ಥ ಉಳಿದಿಲ್ಲ. ಎಂಟು ವಾರ ಎನ್ನುತ್ತಾರೆ, ಎರಡು ವರ್ಷ ಆಗುತ್ತದೆ. ಅಡ್ವೊಕೇಟ್ ಜನರಲ್ ಎದ್ದು ನಿಂತು ಪ್ರಕ್ರಿಯೆ ಪ್ರಗತಿಯಲ್ಲಿದೆ ಮೈ ಲಾರ್ಡ್ ಎನ್ನುತ್ತಾರೆ. ಮುಂದಿನ ತಾರೀಕು ಬೀಳುತ್ತದೆ. ವಿದ್ಯುತ್ ಬಿಲ್ ಕಟ್ಟಲು ನಾನು ಎರಡು ತಿಂಗಳು ತಡ ಮಾಡಿ, ಪ್ರಕ್ರಿಯೆ ಪ್ರಗತಿಯಲ್ಲಿದೆ ಎಂದು ಲೈನ್‌ಮನ್‌ಗೆ ಹೇಳಿ ನೋಡಬೇಕೆಂದಿದ್ದೇನೆ. ಫ್ಯೂಸು ಉಳಿಯುತ್ತದೆ ಎಂಬ ನಂಬಿಕೆ ಇಲ್ಲ.

2016ರ ಮಾರ್ಚಿನಲ್ಲಿ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಈ ರಾಜ್ಯದ ಯಾವುದೋ ಹಳ್ಳಿಯಲ್ಲಿ ಇದ್ದೇ ಇದ್ದಾಳೆ. ಜಿಲ್ಲಾ ಪಂಚಾಯಿತಿ ಚುನಾವಣೆ ಒಂದು ತಿಂಗಳಿಂದ ಅವಳ ಕೈ ತಪ್ಪಿತ್ತು. ಪರವಾಗಿಲ್ಲ, ಐದು ವರ್ಷ ಕಳೆದರೆ ಮತ್ತೆ ಬರುತ್ತದೆ ಎಂದುಕೊಂಡಿರಬೇಕು. ಅವಳು ವಿಧಾನಸಭೆಗೆ ಎರಡು ಸಲ ಓಟು ಹಾಕಿದಳು, 2018 ಮತ್ತು 2023. ಲೋಕಸಭೆಗೆ ಎರಡು ಸಲ ಹಾಕಿದಳು, 2019 ಮತ್ತು 2024. 2025 ಮುಗಿಯುವ ಹೊತ್ತಿಗೆ ಅವಳಿಗೆ ಇಪ್ಪತ್ತೇಳು. ಜಿಲ್ಲಾ ಪಂಚಾಯಿತಿಗಾಗಿ ಅವಳ ಬೆರಳಿಗೆ ಆವರೆಗೆ ಶಾಯಿ ಬಿದ್ದಿರಲಿಲ್ಲ.